ಅಮ್ಮ ಬಂದರೆ ಇನ್ನೊಂದು ಬೆಡ್‌ರೂಮ್ ಸಿಗುತ್ತಾ?

(ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಿದ್ದೇನೆ.)

ಸುಮಾ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಗಂಡನಿಂದ ಬೇರೆಯಾಗಿದ್ದಾರೆ. ಹದಿನಾಲ್ಕರ ಮಗ, ಒಂಬತ್ತರ ಮಗಳು, ಸಣ್ಣ ಸಂಬಳ. ಬಾಡಿಗೆಯ ಒಂದು ಪಾಲನ್ನು ಸರ್ಕಾರ ಭರಿಸುವ ಸೆಕ್ಷನ್ 8 ವೋಚರ್‌ನಿಂದ ಎರಡು ಬೆಡ್‌ರೂಮಿನ ಮನೆ ಸಿಕ್ಕಿದೆ. ಅಣ್ಣನ ಮನೆಯಲ್ಲಿದ್ದ ಅಮ್ಮ ಇವರ ಜೊತೆ ಇರಲು ಬಂದರು. ಅಮ್ಮನಿಗೆ ಗ್ರೀನ್ ಕಾರ್ಡ್ ಇದೆ. ಕೆಲವು ವಾರಗಳ ಮೇಲೆ ಅಪಾರ್ಟ್‌ಮೆಂಟ್ ಮ್ಯಾನೇಜರ್, “ಇವರ ಹೆಸರು ಲೀಸಿನಲ್ಲಿ ಇಲ್ಲವಲ್ಲ” ಎಂದರು.

“ಮೇಡಂ, ಹೆತ್ತ ತಾಯಿಯನ್ನು ಇಟ್ಟುಕೊಳ್ಳೋಕೂ ಪರ್ಮಿಷನ್ ಬೇಕಾ?” ಎನ್ನುತ್ತಾ ನನ್ನ ಹತ್ತಿರ ಸಲಹೆ ಕೇಳಲು ಬಂದ ಸುಮಾ ಅತ್ತುಬಿಟ್ಟರು.

ಬೇಕು. ಮನೆಯಲ್ಲಿ ಮಗು ಹುಟ್ಟಿದರೆ, ದತ್ತು ಬಂದರೆ, ಕೋರ್ಟ್ ಮೂಲಕ ಮಗುವಿನ ಪಾಲನೆ ಸಿಕ್ಕರೆ ವೋಚರ್ ಕೊಡುವ ಹೌಸಿಂಗ್ ಆಫೀಸಿಗೆ ಬೇಗ ತಿಳಿಸಿದರೆ ಸಾಕು. ಬೇರೆ ಯಾರೇ ಸೇರಿದರೂ ಮೊದಲು ಒಪ್ಪಿಗೆ ಪಡೆಯಬೇಕು. ಅದರಲ್ಲಿ ತಾಯಿಯೂ ಸೇರುತ್ತಾರೆ. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದು ಕಷ್ಟವೇ. ಆದರೆ ಮುಚ್ಚಿಟ್ಟರೆ ವೋಚರ್ ಕೈತಪ್ಪಬಹುದು. ಅದಕ್ಕೇ ಮೊದಲ ಸಲಹೆ: ಇವತ್ತೇ ಆಫೀಸಿಗೂ ಓನರ್‌ಗೂ ಬರಹದಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ.

ಗೆಳತಿಯೊಬ್ಬರು ಸುಮಾ ಅವರ ತಲೆಯಲ್ಲಿ ಇನ್ನೊಂದು ಉಪಾಯ ತುಂಬಿದ್ದರು. ಅಮ್ಮನನ್ನು ‘ಲಿವ್-ಇನ್ ಏಡ್’ (ಜೊತೆಗಿದ್ದು ಆರೈಕೆ ಮಾಡುವವರು) ಅಂತ ತೋರಿಸಿ, ಆಗ ಅವರ ಆದಾಯ ಲೆಕ್ಕಕ್ಕೆ ಬರಲ್ಲ, ರೂಮೂ ಸಿಗುತ್ತೆ ಅಂತ. ಬೇಡವೇ ಬೇಡ ಎಂದೆ. ಆ ಅವಕಾಶ ಇರುವುದು ವಯಸ್ಸಾದವರ ಅಥವಾ ಅಂಗವಿಕಲರ ಆರೈಕೆಗೆಂದೇ ಜೊತೆಗಿರುವವರಿಗೆ. ಸುಮಾ ಮನೆಯಲ್ಲಿ ಅಂಥ ಆರೈಕೆ ಬೇಕಾದವರು ಯಾರೂ ಇಲ್ಲ. ಇದು ಸುಳ್ಳು ಹೇಳಿಕೆಯಾಗುತ್ತದೆ.

ಇನ್ನು ಬೆಡ್‌ರೂಮ್ ವಿಷಯ. ನಾಲ್ಕನೆಯವರು ಬಂದರೆ ಮೂರನೇ ರೂಮ್ ಖಚಿತ ಅಂದುಕೊಂಡಿದ್ದರು. ಹಾಗಿಲ್ಲ. ಇಕ್ಕಟ್ಟಾಗದಂತೆ ಇರಲು ಕನಿಷ್ಠ ಎಷ್ಟು ರೂಮ್ ಬೇಕು ಎಂಬುದಷ್ಟೇ ಲೆಕ್ಕ. ಸಾಮಾನ್ಯವಾಗಿ ರೂಮಿಗೆ ಇಬ್ಬರು. ದೊಡ್ಡವರಾಗುತ್ತಿರುವ ಗಂಡು, ಹೆಣ್ಣು ಮಕ್ಕಳನ್ನು ಒಂದೇ ರೂಮಿಗೆ ಹಾಕಬೇಕೆಂದು ಎಷ್ಟೋ ಆಫೀಸುಗಳು ಒತ್ತಾಯಿಸುವುದಿಲ್ಲ. ಮಗ ಬೇರೆ ರೂಮಿನಲ್ಲಿದ್ದರೆ ಇನ್ನೊಂದರಲ್ಲಿ ಮೂವರು ಹೆಂಗಸರಾಗುತ್ತಾರೆ. ಸುಮಾ ಅವರ ವಾದಕ್ಕೆ ಬಲ ಇರುವುದು ಇಲ್ಲೇ. ಆಫೀಸಿನ ಲಿಖಿತ ನಿಯಮ ಕೇಳಿ ಪಡೆದು, ಈ ಹಂಚಿಕೆಯನ್ನು ಅರ್ಜಿಯಲ್ಲೇ ಬರೆಯಲು ಹೇಳಿದೆ. ದೊಡ್ಡ ವೋಚರ್ ಸಿಗುವ ಮೊದಲೇ ದೊಡ್ಡ ಮನೆ ಹಿಡಿಯಬೇಡಿ ಎಂದೂ ಎಚ್ಚರಿಸಿದೆ. ನೆರವು ವೋಚರ್‌ನ ಅಳತೆ ಮೀರಲ್ಲ, ಹೆಚ್ಚಿನ ಬಾಡಿಗೆ ಇವರ ತಲೆಗೇ ಬರುತ್ತದೆ.

ಜನ ಹೆಚ್ಚಿದರೆ ನೆರವಿಗೆ ಇರುವ ಆದಾಯದ ಮಿತಿಯೂ ಏರುತ್ತದೆ. ನಾಲ್ವರ ಕುಟುಂಬಕ್ಕೆ 100 ಎಂದಿಟ್ಟುಕೊಂಡರೆ ಮೂವರಿಗೆ 90, ಐವರಿಗೆ 108. ಆದರೆ ಅಣ್ಣ ಅಮ್ಮನಿಗೆ ತಿಂಗಳು ತಿಂಗಳು ಕಳಿಸುವ ದುಡ್ಡು ಮನೆಯ ಆದಾಯಕ್ಕೆ ಸೇರುತ್ತದೆ. ಕಡಿತಗಳನ್ನು ಕಳೆದು ಉಳಿದ ಆದಾಯದ ಸುಮಾರು 30% ಬಾಡಿಗೆಯಲ್ಲಿ ಕುಟುಂಬದ ಪಾಲು, ಹಾಗಾಗಿ ಅದು ಸ್ವಲ್ಪ ಜಾಸ್ತಿಯಾಗುತ್ತದೆ. ಅಮ್ಮನಿಗೆ 62 ದಾಟಿದೆ, ಹಿರಿಯರ ಕಡಿತ ಸಿಗುತ್ತಲ್ವಾ ಎಂದು ಕೇಳಿದರು. ಕುಟುಂಬದ ಮುಖ್ಯಸ್ಥರಾಗಿ ಸುಮಾ ಒಬ್ಬರದೇ ಹೆಸರಿದೆ, ಅವರಿಗೆ 62 ಆಗಿಲ್ಲ. ಸಿಗಲ್ಲ.

ಅಮ್ಮನ ಹೆಸರಿಗೆ ಒಪ್ಪಿಗೆ ಬಂದಿದೆ. ಮೂರನೇ ರೂಮಿನ ಕೋರಿಕೆ ಇನ್ನೂ ಆಫೀಸಿನಲ್ಲಿದೆ. ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಬೇಕು, ಮೇಲ್ಮನವಿಯ ಗಡುವು ತಪ್ಪಿಸಬಾರದು ಎಂದು ಹೇಳಿ ಕಳಿಸಿದ್ದೇನೆ.