ಆಡುಮಾತು ಅಂದರೆ ಕೆಟ್ಟುಹೋದ ಕನ್ನಡವೇ?

ಉಪಭಾಷೆ ಅಂದರೇನು, ಶಿಷ್ಟ ಕನ್ನಡವೇ ಹಳ್ಳಿಗಳಲ್ಲಿ ಕೆಟ್ಟು ಹಾಗಾಯಿತೇ ಅಂತ ಕೇಳಿದ್ದೀರಿ. ಹಾಗಲ್ಲ. ‘ಹೋಗುತ್ತೇನೆ’ ಅನ್ನೋದು ಬರವಣಿಗೆಯ ರೂಪ, ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಮೈಸೂರಿನವರದು ‘ಹೋಗ್ತೀನಿ’, ಮಂಗಳೂರಿನವರದು ‘ಹೋಗ್ತೇನೆ’, ಧಾರವಾಡದ ಕಡೆ ‘ಹೊಕ್ಕೀನಿ’ ಅಂತಲೂ ಕೇಳಿಬರುತ್ತದೆ. ಸೀಮೆ, ಜಾತಿ, ಓದು ಇವಕ್ಕೆ ತಕ್ಕಂತೆ ಬೇರೆಯಾಗುವ ಒಂದೊಂದು ಬಗೆಯೂ ಉಪಭಾಷೆಯೇ. ಪಠ್ಯಪುಸ್ತಕ, ಪತ್ರಿಕೆ, ಕಚೇರಿಗಳು ಒಪ್ಪಿಕೊಂಡ ಬಗೆಗೆ ಶಿಷ್ಟ ಅನ್ನುವ ಹೆಸರು ಬಂತು, ಅಷ್ಟೆ.

ಆ ಪಟ್ಟ ಊರೂ ಬದಲಿಸುತ್ತದೆ. 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಂದು ಗುರುತಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸೀಮೆ ಅದು. ಇವತ್ತು ಅದೇ ಸೀಮೆಯ ಮಾತನ್ನು ಸಿನಿಮಾದವರು ನಗಿಸೋದಕ್ಕೆ ಬಳಸುತ್ತಾರೆ!

ಪದಗಳ ವ್ಯತ್ಯಾಸ ಎಲ್ಲರಿಗೂ ಗೊತ್ತು: ಈರುಳ್ಳಿ, ಉಳ್ಳಾಗಡ್ಡಿ, ನೀರುಳ್ಳಿ. ನಿಜವಾದ ವ್ಯತ್ಯಾಸ ಇರೋದು ವ್ಯಾಕರಣದಲ್ಲಿ. ಮೈಸೂರಿನ ‘ಮಾಡ್ತಾ ಇದೀನಿ’ಯಲ್ಲಿ ‘ಇರು’ ಕ್ರಿಯಾಪದವಿದೆ. ಧಾರವಾಡದ ‘ಮಾಡಾಕತ್ತೀನಿ’ಯಲ್ಲಿ ‘ತೊಡಗು’ ಅನ್ನುವ ಅರ್ಥದ ‘ಹತ್ತು’ ಇದೆ. ‘ಮನೆಯಲ್ಲಿ’ ಅನ್ನೋದಕ್ಕೆ ಅಲ್ಲಿ ‘ಮನ್ಯಾಗ’, ಅಂದರೆ ‘ಒಳಗೆ’ ಸವೆದು ಪ್ರತ್ಯಯವಾಗಿದೆ. ದಕ್ಷಿಣ ಕನ್ನಡದ ಹವ್ಯಕರು ಕೇಳುವವರನ್ನು ಬಿಟ್ಟು ಹೇಳುವಾಗ ‘ಎಂಗೊ’, ಸೇರಿಸಿಕೊಂಡಾಗ ‘ನಾವು’ ಅನ್ನುತ್ತಾರೆ. ಈ ಸೂಕ್ಷ್ಮ ಶಿಷ್ಟ ಕನ್ನಡದಲ್ಲಿಲ್ಲ. ಹಾಗಾದರೆ ಯಾವುದು ಕೆಟ್ಟದ್ದು?

ಒಂದು ರೂಪ ತಪ್ಪೋ ಉಪಭಾಷೆಯೋ ಅಂತ ನೋಡಲು ಅದೇ ಬಗೆಯ ಬೇರೆ ಪದಗಳನ್ನು ಹಿಡಿಯಿರಿ. ಧಾರವಾಡದಲ್ಲಿ ‘ಮನಿ’ ಅನ್ನುವವರು ‘ಕೆರಿ’, ‘ಶಾಲಿ’ ಅಂತಲೂ ಅನ್ನುತ್ತಾರೆ, ಊರಿನ ಮಕ್ಕಳೂ ಮುದುಕರೂ ಹಾಗೇ ಅನ್ನುತ್ತಾರೆ. ಅದು ನಿಯಮ. ಒಬ್ಬನೇ ಒಮ್ಮೆ ಎಡವಿದರೆ ತಪ್ಪು.

ಹಳೇ ಮೈಸೂರಿನ ಹಳ್ಳಿಗಳ ‘ಆಲು’, ‘ಓಗು’ ಕೂಡ ಇಂಥದ್ದೇ. ಹಳಗನ್ನಡದ ‘ಪಾಲ್’ ‘ಹಾಲು’ ಆಯಿತು, ಇವರ ಬಾಯಲ್ಲಿ ಆ ಹಕಾರವೂ ಬಿದ್ದುಹೋಯಿತು. ಮೊದಲನೆಯ ಬದಲಾವಣೆಗೆ ಮರ್ಯಾದೆ, ಎರಡನೆಯದಕ್ಕೆ ಅವಮಾನ. ತೊಂದರೆ ಶುರುವಾಗೋದು ತಿದ್ದಿಕೊಳ್ಳಲು ಹೊರಟಾಗ. ಶಿಷ್ಟದಲ್ಲಿ ಹಕಾರ ಇದೆ ಅಂತ ಗೊತ್ತು, ಯಾವ ಪದದಲ್ಲಿ ಅಂತ ಗೊತ್ತಿಲ್ಲ. ಆಗಲೇ ವೇದಿಕೆ ಮೇಲೆ ‘ಆದರದ ಸ್ವಾಗತ’ ‘ಹಾದರದ ಸ್ವಾಗತ’ ಆಗೋದು. ಇದು ಉಪಭಾಷೆಯ ದೋಷವಲ್ಲ, ಅದನ್ನು ಮುಚ್ಚಿಡುವ ಆತುರದ್ದು.

ತುಳು, ಕೊಡವವನ್ನು ಈ ಪಟ್ಟಿಗೆ ಸೇರಿಸಬೇಡಿ, ಅವು ಬೇರೆಯೇ ದ್ರಾವಿಡ ಭಾಷೆಗಳು. ನೀಲಗಿರಿಯ ಬಡಗವನ್ನು ಹಿಂದೆ ಕನ್ನಡದ ಉಪಭಾಷೆ ಅನ್ನುತ್ತಿದ್ದರು, ಈಗ ಸ್ವತಂತ್ರ ಭಾಷೆ ಅನ್ನುವವರೇ ಹೆಚ್ಚು.

ನಿಮ್ಮೂರಿನ ಮಾತನ್ನೇ ದಾಖಲಿಸುವ ಮನಸ್ಸಿದ್ದರೆ ‘ಇದಕ್ಕೆ ನೀವು ಏನಂತೀರಿ’ ಅಂತ ಕೇಳಬೇಡಿ. ಹಾಗೆ ಕೇಳಿದ ಕೂಡಲೇ ಜನ ಶಾಲೆಯ ಕನ್ನಡಕ್ಕೆ ಜಾರುತ್ತಾರೆ. ಬಿತ್ತನೆ, ಮದುವೆ, ಜಗಳ ಯಾವುದಾದರೂ ಸುದ್ದಿ ಎತ್ತಿ, ಅವರು ಅವರಲ್ಲೇ ಮಾತಾಡಲು ಬಿಡಿ. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ಕೇಳಿದ್ದನ್ನು ತಿದ್ದದೆ ಬರೆದುಕೊಳ್ಳಿ.