ಯುದ್ಧ ಬಂದರೆ ಮನೆಗೊಬ್ಬರು ಸೇನೆಗೆ ಹೋಗಲೇಬೇಕೆ?

ಪ್ರಶ್ನೆ: ನನ್ನ ದೊಡ್ಡ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಚಿಕ್ಕವನು ದ್ವಿತೀಯ ಪಿಯು, ಎನ್‌ಸಿಸಿಯಲ್ಲಿದ್ದಾನೆ. ಯುದ್ಧ ಶುರುವಾದರೆ 18 ತುಂಬಿದವರನ್ನೆಲ್ಲ ಸೇನೆಗೆ ಸೇರಿಸುತ್ತಾರೆ, ಎನ್‌ಸಿಸಿ ಹುಡುಗರೇ ಮೊದಲು ಎಂದು ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಓಡಾಡುತ್ತಿದೆ. ಚೀನಾ ಯುದ್ಧದ ಕಾಲದಲ್ಲೂ ಕಡ್ಡಾಯ ಮಾಡಿದ್ದರು ಎನ್ನುತ್ತಾರೆ ನಮ್ಮ ಮಾವ. ನಿಜವೇ?
– ಒಬ್ಬ ತಾಯಿ, ಹರಿಹರ

ಉತ್ತರ: ಭಯ ಬೇಡ ತಾಯಿ. ಸ್ವತಂತ್ರ ಭಾರತದಲ್ಲಿ ಕಡ್ಡಾಯ ಸೈನಿಕ ಸೇವೆ ಎಂದೂ ಇರಲಿಲ್ಲ. 1962, 1965, 1971, ಕಾರ್ಗಿಲ್ ಎಲ್ಲವನ್ನೂ ಸ್ವಇಚ್ಛೆಯಿಂದ ಸೇರಿದವರೇ ಹೋರಾಡಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋದ ಸುಮಾರು 25 ಲಕ್ಷ ಭಾರತೀಯರೂ ಕಡ್ಡಾಯದವರಲ್ಲ. ಬ್ರಿಟಿಷರು 1917ರಲ್ಲಿ ಇಲ್ಲಿ ಕಡ್ಡಾಯ ಕಾಯ್ದೆ ತಂದದ್ದು ಭಾರತದಲ್ಲಿದ್ದ ತಮ್ಮ ಯುರೋಪಿಯನ್ ಪ್ರಜೆಗಳಿಗೆ ಮಾತ್ರ.

ನಿಮ್ಮ ಮಾವನವರ ನೆನಪಿನಲ್ಲೂ ಸತ್ಯವಿದೆ. ಚೀನಾ ಯುದ್ಧದ ನಂತರ, 1963ರಲ್ಲಿ, ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. 1968ರಲ್ಲಿ ಅದು ಮತ್ತೆ ಐಚ್ಛಿಕವಾಯಿತು. ಆಗ ಕಡ್ಡಾಯವಿದ್ದದ್ದು ಕವಾಯತು, ಯುದ್ಧಸೇವೆಯಲ್ಲ. ಎನ್‌ಸಿಸಿಯಲ್ಲಿದ್ದ ಮಾತ್ರಕ್ಕೆ ಯಾರನ್ನೂ ರಣರಂಗಕ್ಕೆ ಕಳಿಸುವಂತಿಲ್ಲ. ಚಿಕ್ಕ ಮಗನನ್ನು ಬಿಡಿಸಬೇಡಿ. ಮುಂದೆ ಅವನಾಗಿಯೇ ಸೇನೆಗೆ ಅರ್ಜಿ ಹಾಕಿದರೆ ಎನ್‌ಸಿಸಿ ಸರ್ಟಿಫಿಕೇಟಿಗೆ ಹೆಚ್ಚುವರಿ ಅಂಕ ಸಿಗುತ್ತದೆ.

ಕಡ್ಡಾಯ ಸೈನಿಕ ಸೇವೆಯನ್ನು ಮುಂದೆ ಜಾರಿಗೆ ತರಬಹುದೇ ಎಂದರೆ, ಸಂವಿಧಾನದಲ್ಲಿ ಅಡ್ಡಿಯಿಲ್ಲ. 23(2)ನೇ ವಿಧಿ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲು ಅವಕಾಶ ಕೊಡುತ್ತದೆ. ಧರ್ಮ, ಜನಾಂಗ, ಜಾತಿ, ವರ್ಗವೆಂದು ಭೇದ ಮಾಡುವಂತಿಲ್ಲ, ಅಷ್ಟೇ. ಆದರೆ ಅದಕ್ಕೆ ಸಂಸತ್ತು ಕಾಯ್ದೆ ಮಾಡಬೇಕು. ರಕ್ಷಣೆ ಕೇಂದ್ರ ಪಟ್ಟಿಯ ವಿಷಯ, ಹಾಗಾಗಿ ರಾಜ್ಯ ಸರ್ಕಾರವಾಗಲಿ ಜಿಲ್ಲಾಧಿಕಾರಿಯಾಗಲಿ ಹೀಗೆ ಆದೇಶಿಸಲಾರರು.

ಅಂಥ ಕಾಯ್ದೆ ಸದ್ಯ ಬರುವ ಸಂಭವ ತೀರಾ ಕಡಿಮೆ ಎಂದೇ ನಮ್ಮ ಅಭಿಪ್ರಾಯ. ನಮ್ಮ ಸೇನೆಗೆ ಹುಡುಗರ ಬರವಿಲ್ಲ. ಒಂದೊಂದು ಹುದ್ದೆಗೂ ಎಷ್ಟು ಜನ ಓಡುತ್ತಾರೆ ಎಂಬುದನ್ನು ಭರ್ತಿ ರ್‍ಯಾಲಿ ನೋಡಿದವರು ಬಲ್ಲರು. ಕೊರತೆ ಬರುವುದು ತರಬೇತಿ ಕೊಡುವವರಿಗೆ, ಆಯುಧಗಳಿಗೆ, ಸಮಯಕ್ಕೆ. ಅಗ್ನಿವೀರನೊಬ್ಬ ತಯಾರಾಗಲು ಸುಮಾರು ಆರು ತಿಂಗಳು ಬೇಕು. ಕೆಲವೇ ದಿನಗಳಲ್ಲಿ ಮುಗಿಯುವ ಸಂಘರ್ಷಕ್ಕೆ ನಿನ್ನೆ ಹಿಡಿದು ತಂದ ಹುಡುಗ ಉಪಯೋಗಕ್ಕೆ ಬರುವುದಿಲ್ಲ. ಹೆಚ್ಚುವರಿ ಜನ ಬೇಕಾದಾಗ ಸರ್ಕಾರ ಕೈಚಾಚುವುದು ಪ್ರಾದೇಶಿಕ ಸೇನೆಯ (ಟೆರಿಟೋರಿಯಲ್ ಆರ್ಮಿ, ಬೇರೆ ಕೆಲಸದಲ್ಲಿದ್ದುಕೊಂಡೇ ಸ್ವಇಚ್ಛೆಯಿಂದ ಸೇರಿ, ಕರೆದಾಗ ಬರುವವರ ಪಡೆ) ಕಡೆಗೆ. 2025ರ ಮೇ ತಿಂಗಳಲ್ಲಿ ಆದದ್ದೂ ಅದೇ: ಅದರ 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ಕರೆಸಿಕೊಳ್ಳಲು ಸೇನಾ ಮುಖ್ಯಸ್ಥರಿಗೆ ಅಧಿಕಾರ ಕೊಟ್ಟರು. ವರ್ಷಗಟ್ಟಲೆ ಎಳೆಯುವ ಯುದ್ಧವಾದರೆ ಲೆಕ್ಕ ಬೇರೆ. ಉಕ್ರೇನ್ 2024ರಲ್ಲಿ ಕಡ್ಡಾಯ ಕರೆಯ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿದ್ದು ಯುದ್ಧ ಮೂರನೇ ವರ್ಷಕ್ಕೆ ಕಾಲಿಟ್ಟ ಮೇಲೆ. ಅಲ್ಲಿಯೂ ಕಾನೂನು ಬದಲಾಯಿಸಿಯೇ ಇಳಿಸಿದರು.

‘ನಿಮ್ಮ ಮಗನ ಹೆಸರು ಪಟ್ಟಿಯಲ್ಲಿದೆ, ತೆಗೆಸಲು ಇಷ್ಟು ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಅಂಥ ಪಟ್ಟಿಯೇ ಇಲ್ಲ. ಒಟಿಪಿ ಹೇಳಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗನಿಗೆ 18 ತುಂಬಿತು. ಸೆಲೆಕ್ಟಿವ್ ಸರ್ವಿಸ್‌ನಲ್ಲಿ ಹೆಸರು ನೋಂದಾಯಿಸು ಎಂದು ಪತ್ರ ಬಂದಿದೆಯಂತೆ. ಯುದ್ಧಕ್ಕೆ ಕರೆದರೇ?
– ವಿದ್ಯಾನಗರ, ದಾವಣಗೆರೆ

ಉತ್ತರ: ಕರೆದಿಲ್ಲ, ಹೆಸರು ಬರೆದುಕೊಳ್ಳುತ್ತಿದ್ದಾರೆ. ಸೆಲೆಕ್ಟಿವ್ ಸರ್ವಿಸ್ ಎಂದರೆ ಕಡ್ಡಾಯ ಭರ್ತಿ ಬೇಕಾದಾಗ ಕರೆಯಲೆಂದು ಯುವಕರ ಹೆಸರಿನ ಪಟ್ಟಿ ಇಟ್ಟುಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ. ಅಲ್ಲಿ ಕಡ್ಡಾಯ ಭರ್ತಿ 1973ರಲ್ಲೇ ನಿಂತಿದೆ. 1980ರಿಂದ ನೋಂದಣಿ ಮಾತ್ರ ನಡೆದಿದೆ. ಭರ್ತಿ ಮತ್ತೆ ಶುರುವಾಗಬೇಕಾದರೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾಯ್ದೆ ಮಾಡಿ, ಅಧ್ಯಕ್ಷರು ಸಹಿ ಹಾಕಬೇಕು. ಆಮೇಲೆ ಹುಟ್ಟಿದ ದಿನಾಂಕದ ಮೇಲೆ ಲಾಟರಿ. ಮೊದಲ ಸರದಿ ಆ ವರ್ಷ 20 ತುಂಬುವವರದು, ನಂತರ 21ರಿಂದ 25. ನಿಮ್ಮ ಮೊಮ್ಮಗನಂಥ 18, 19ರವರು ಕೊನೆಗೆ. ಮೊದಲ ತಂಡ ಸೇರಲು 193 ದಿನಗಳ ಅವಧಿ ಇಟ್ಟಿದ್ದಾರೆ.

ಪತ್ರವನ್ನು ಮಾತ್ರ ಪಕ್ಕಕ್ಕಿಡಬಾರದು. 18 ತುಂಬಿದ 30 ದಿನದೊಳಗೆ ನೋಂದಣಿ ಆಗಬೇಕು. 26 ದಾಟಿದರೆ ಮತ್ತೆ ಅವಕಾಶವಿಲ್ಲ, ಕೇಂದ್ರ ಸರ್ಕಾರದ ನೌಕರಿಗೆ ತೊಡಕಾಗುತ್ತದೆ. ಗ್ರೀನ್ ಕಾರ್ಡ್ ಇರುವ ಹುಡುಗರಿಗೂ ಇದು ಅನ್ವಯ. ಅವರು ತಪ್ಪಿಸಿಕೊಂಡರೆ ಮುಂದೆ ಪೌರತ್ವದ ಅರ್ಜಿ ಸಿಕ್ಕಿಕೊಳ್ಳುತ್ತದೆ. ಎಫ್-1 ವೀಸಾದ ಮೇಲೆ ಓದಲು ಹೋದವರು ವೀಸಾ ಚಾಲ್ತಿಯಲ್ಲಿರುವವರೆಗೆ ನೋಂದಾಯಿಸಬೇಕಿಲ್ಲ.

ಪ್ರಶ್ನೆ: ಎಣ್ಣೆ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ, ಪದವೀಧರ, ವಯಸ್ಸು 34. ಪ್ರಾದೇಶಿಕ ಸೇನೆ ಸೇರಬಹುದೇ? ಕರೆ ಬಂದರೆ ಕೆಲಸ ಹೋಗುತ್ತದೆಯೇ?
– ಚಳ್ಳಕೆರೆ

ಉತ್ತರ: ಸೇರಬಹುದು. 18ರಿಂದ 42 ವಯಸ್ಸು, ಕೈಯಲ್ಲಿ ಸಂಪಾದನೆಯ ಕೆಲಸ, ದೇಹದಾರ್ಢ್ಯ ಬೇಕು. ಅಧಿಕಾರಿಯಾಗಲು ಪದವಿ, ಲಿಖಿತ ಪರೀಕ್ಷೆ, ಸಂದರ್ಶನ ಉಂಟು. ಸೇವೆಗೆ ಕರೆದಾಗ ಹೋಗಿ ಬಂದವರನ್ನು ಮಾಲೀಕರು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು 1948ರ ಪ್ರಾದೇಶಿಕ ಸೇನಾ ಕಾಯ್ದೆಯೇ ಹೇಳುತ್ತದೆ. ಅರ್ಜಿ ಹಾಕುವ ಮುಂಚೆಯೇ ನಿಮ್ಮ ಮಾಲೀಕರಿಗೆ ಇದನ್ನು ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ.