ಮಫ್ಲರ್ ಸೊಟ್ಟ ಆಗುತ್ತಿದ್ದರೆ ಮೊದಲು ಅಂಚು ನೋಡಿ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹೆಣಿಗೆ ಶುರು ಮಾಡಿ ಒಂದು ತಿಂಗಳಾಗಿದೆ. 30 ಕುಣಿಕೆ ಹಾಕಿ ಹೊರಟ ಮಫ್ಲರ್‌ನಲ್ಲಿ ಈಗ 41 ಕುಣಿಕೆ ಇವೆ, ಬರ್ತಾ ಬರ್ತಾ ಅಗಲವಾಗಿ ಸೊಟ್ಟಗೆ ಹೋಗುತ್ತಿದೆ. ಮೂರು ಸಲ ಪೂರ್ತಿ ಬಿಚ್ಚಿದ್ದೀರಿ. ಕೈ ನೋಯುತ್ತದೆ. ಮನೆಯವರು "ಅಂಗಡಿಯಲ್ಲಿ ಸಿಗೋದಕ್ಕೆ ಇಷ್ಟು ಒದ್ದಾಟ ಯಾಕೆ" ಅಂತಾರೆ. ಕೊನೆಗೆ, "ಬೇರೆಯವರಿಗೆ ಇದರಲ್ಲಿ ಖುಷಿ ಹೇಗೆ ಸಿಗುತ್ತದೆ, ನನಗಂತೂ ಬರೀ ತಲೆಬಿಸಿ" ಅಂತ ಕೇಳಿದ್ದೀರಿ.

ನಿಮ್ಮ ಪ್ರಶ್ನೆಗೆ ನನಗಿಂತ ಮೊದಲು ಉತ್ತರ ಬರೆದ ಹಲವರು "ಅಭ್ಯಾಸ ಮಾಡಿ, ತಾನಾಗಿ ಬರುತ್ತೆ" ಅಂದಿದ್ದಾರೆ. ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ತಪ್ಪು ಎಲ್ಲಿ ಆಗುತ್ತಿದೆ ಅಂತ ಗೊತ್ತಾಗದೆ ಎಷ್ಟು ಅಭ್ಯಾಸ ಮಾಡಿದರೂ ಅದೇ ತಪ್ಪು ಕೈಗೆ ರೂಢಿಯಾಗುತ್ತದೆ. ನನಗೆ ಹೆಣಿಗೆ ನಿಜವಾಗಿ ಹಿಡಿಸಿದ್ದು ಕಡ್ಡಿಯ ಮೇಲಿರುವುದನ್ನು ಓದುವುದಕ್ಕೆ ಬಂದ ಮೇಲೆ. ಈ ಕುಣಿಕೆ ಯಾಕೆ ಹೀಗೆ ನಿಂತಿದೆ, ಈ ತೂತು ಎಲ್ಲಿಂದ ಬಂತು ಅಂತ ನೋಡಿದ ತಕ್ಷಣ ತಿಳಿಯುವುದಕ್ಕೆ ಶುರುವಾಯಿತು, ಅಲ್ಲಿಂದ ಭಯ ಹೋಯಿತು. ಹಾಗಾಗಿ ನಿಮ್ಮ ಮಫ್ಲರ್‌ನಿಂದಲೇ ಹಿಡಿಯೋಣ.

ಹನ್ನೊಂದು ಕುಣಿಕೆ ಜಾಸ್ತಿ ಆಗಿವೆ ಅಂದರೆ ಅವು ಎಲ್ಲೋ ಹುಟ್ಟಿವೆ. ಹೊಸದಾಗಿ ಕಲಿಯುವವರಲ್ಲಿ ಸಾಮಾನ್ಯವಾಗಿ ಅವು ಹುಟ್ಟುವುದು ಸಾಲಿನ ಮೊದಲ ಕುಣಿಕೆಯಲ್ಲಿ. ಒಂದು ಸಾಲು ಮುಗಿಸಿ ಹೆಣಿಗೆಯನ್ನು ತಿರುಗಿಸಿದ ಕ್ಷಣವನ್ನು ನಿಧಾನವಾಗಿ ನೋಡಿ. ಉಂಡೆಯಿಂದ ಬರುವ ದಾರ ಆ ಮೊದಲ ಕುಣಿಕೆಯಿಂದಲೇ ಹೊರಟಿರುತ್ತದೆ. ನಾವು ದಾರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅಂತ ಕಡ್ಡಿಯ ಮೇಲಿಂದ ಎಳೆದುಬಿಡುತ್ತೇವೆ. ಎಳೆದಾಗ ಏನಾಗುತ್ತದೆ? ಆ ಕುಣಿಕೆ ಮೇಲಕ್ಕೆ ಜಗ್ಗಿಕೊಂಡು, ಅದರ ಕೆಳಗಿನ ಸಾಲಿನ ಎರಡು ಎಳೆಗಳು ಕಡ್ಡಿಯ ಮೇಲೆ ಪಕ್ಕಪಕ್ಕ ಕೂತುಕೊಳ್ಳುತ್ತವೆ. ನೋಡುವುದಕ್ಕೆ ಥೇಟ್ ಎರಡು ಕುಣಿಕೆಗಳ ಹಾಗೆ. ನೀವು ಎರಡನ್ನೂ ಹೆಣೆಯುತ್ತೀರಿ. ಅಲ್ಲಿಗೆ ಒಂದು ಜಾಸ್ತಿ ಆಯಿತು.

ಸರಿಮಾಡುವುದು ಸುಲಭ. ತಿರುಗಿಸಿದ ಮೇಲೆ ದಾರವನ್ನು ಸುಮ್ನೆ ಕೆಳಕ್ಕೆ ಇಳಿಬಿಡಿ. ಆಮೇಲೆ ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ತನ್ನಿ, ಮೇಲಿಂದ ಬೇಡ. ಮೊದಲ ಕುಣಿಕೆ ಒಂದೇ ಒಂದಾಗಿ, ಕೊರಳಿಗೆ ಹಾಕಿದ ದಾರದ ಹಾಗೆ ಕಡ್ಡಿಯನ್ನು ಸುತ್ತಿಕೊಂಡಿದೆಯಾ ನೋಡಿಕೊಳ್ಳಿ. ಆಮೇಲೆ ಹೆಣೆಯಿರಿ. ಹತ್ತು ಸಾಲು ಹೀಗೆ ಮಾಡಿದರೆ ಕೈ ತಾನೇ ಕಲಿಯುತ್ತದೆ.

ಕುಣಿಕೆ ನಡುವೆಯೂ ಹುಟ್ಟಬಹುದು. ಸೀದಾ ಹೆಣೆಯುವಾಗ ದಾರ ಹಿಂದೆ ಇರಬೇಕು, ಉಲ್ಟಾ ಹೆಣೆಯುವಾಗ ಮುಂದೆ ಇರಬೇಕು. (ಪುಸ್ತಕದಲ್ಲಿ ನಿಟ್, ಪರ್ಲ್ ಅಂತ ಇರುತ್ತದಲ್ಲ, ಅವೇ ಇವು.) ಮುಂದೆ ಬಿಟ್ಟ ದಾರವನ್ನು ಮರೆತು ಸೀದಾ ಹೆಣೆದರೆ ಅದು ಕಡ್ಡಿಯ ಮೇಲೆ ಅಡ್ಡ ಬಿದ್ದು ಒಂದು ಸುತ್ತು ಆಗುತ್ತದೆ. ಮುಂದಿನ ಸಾಲಿನಲ್ಲಿ ಅದೂ ಒಂದು ಕುಣಿಕೆ ಅನ್ನಿಸಿಕೊಳ್ಳುತ್ತದೆ, ಕೆಳಗೆ ಪುಟ್ಟ ತೂತು ಬೀಳುತ್ತದೆ. ಇದನ್ನು ಮುಂದಿನ ಸಾಲಿನಲ್ಲೇ ಕಂಡುಹಿಡಿದರೆ ಏನೂ ಬಿಚ್ಚಬೇಕಾಗಿಲ್ಲ. ಆ ಸುತ್ತನ್ನು ಕಡ್ಡಿಯಿಂದ ಕೆಳಗೆ ಹಾಕಿ, ಅಷ್ಟೆ. ಸಡಿಲವಾದ ದಾರ ಅಕ್ಕಪಕ್ಕದ ಕುಣಿಕೆಗಳಿಗೆ ಹಂಚಿಹೋಗುತ್ತದೆ. ಇನ್ನೊಂದು, ದಾರ ಮೂರ್ನಾಲ್ಕು ಎಳೆ ಸೇರಿ ಆಗಿರುತ್ತದಲ್ವಾ, ಕಡ್ಡಿಯ ತುದಿ ಆ ಎಳೆಗಳ ಮಧ್ಯೆ ಹೊಕ್ಕು ದಾರವನ್ನು ಸೀಳಿದರೂ ಒಂದು ಕುಣಿಕೆ ಎರಡಾಗಿ ಕಾಣುತ್ತದೆ.

ಹಾಗಂತ ಯಾವಾಗಲೂ ಎಣಿಸುತ್ತಾ ಕೂತಿರಬೇಕು ಅಂತಲ್ಲ. ಸದ್ಯಕ್ಕೆ ಪ್ರತಿ ಸಾಲಿನ ಕೊನೆಗೆ ಎಣಿಸಿ. ಒಂದು ವಾರ ಆದಮೇಲೆ ನಾಲ್ಕು ಸಾಲಿಗೊಮ್ಮೆ ಸಾಕು. ಇನ್ನೊಂದು ಉಪಾಯ ಇದೆ. ಬೇರೆ ಬಣ್ಣದ ದಾರದ ಚಿಕ್ಕ ತುಂಡನ್ನು ಉಂಗುರದ ಹಾಗೆ ಗಂಟು ಹಾಕಿ, ಹತ್ತು ಕುಣಿಕೆಗೊಂದು ಕಡ್ಡಿಗೆ ಏರಿಸಿ. 30ಕ್ಕೆ ಎರಡು ಉಂಗುರ. ಯಾವ ಹತ್ತರ ಗುಂಪಿನಲ್ಲಿ ಹನ್ನೊಂದು ಬಂತು ಅಂತ ಕೂಡಲೇ ಗೊತ್ತಾಗುತ್ತದೆ.

ಇನ್ನು ಸಾಲಿನ ಮಧ್ಯದಲ್ಲಿ ಎದ್ದುಹೋಗುವ ವಿಚಾರ. ಫೋನ್ ಬಂತು, ಹೆಣಿಗೆ ಇಟ್ಟಿರಿ, ವಾಪಸ್ ಬಂದಾಗ ಯಾವ ಕಡೆಗೆ ಹೋಗುತ್ತಿದ್ದೆ ಅಂತ ಮರೆತುಹೋಯಿತು. ಉಂಡೆಯ ದಾರ ಯಾವ ಕಡ್ಡಿಯಿಂದ ಹೊರಡುತ್ತಿದೆಯೋ ಅದು ಬಲಗೈಗೆ. (ಎಡಗೈಯಲ್ಲಿ ಹೆಣೆಯುವವರಿಗೆ ಇದು ತಿರುಗಾ ಮುರುಗಾ.) ಇದನ್ನು ಮರೆತು ಉಲ್ಟಾ ದಿಕ್ಕಿಗೆ ಹೊರಟರೆ ಒಂದು ಬದಿ ಎರಡು ಸಾಲು ಉದ್ದ ಆಗುತ್ತದೆ, ಮಧ್ಯದಲ್ಲಿ ತೂತು ಉಳಿಯುತ್ತದೆ. ನಿಮ್ಮ ಫೋಟೊದಲ್ಲಿ ಎಡಗಡೆ ಕಾಣುವ ದೊಡ್ಡ ತೂತು ಇದೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಕೈ ನೋವಿನ ಬಗ್ಗೆ ಯಾರೂ ಹೇಳಿಲ್ಲ, ಆದರೆ ನನಗೆ ಅದೇ ಮುಖ್ಯ ಅನ್ನಿಸಿತು. ಕೈ ನೋಯುತ್ತಿದ್ದರೆ ಖುಷಿ ಎಲ್ಲಿಂದ ಬರಬೇಕು? ಕುಣಿಕೆ ಜಾರಿಹೋಗುತ್ತದೆ ಅನ್ನುವ ಭಯಕ್ಕೆ ನಾವು ಬಿಗಿಯಾಗಿ ಎಳೆಯುತ್ತೇವೆ. ಬಿಗಿಯಾದ ಕುಣಿಕೆಯೊಳಗೆ ಕಡ್ಡಿ ತೂರಿಸಲು ಇನ್ನಷ್ಟು ಬಲ ಹಾಕುತ್ತೇವೆ. ಒಂದು ಸಣ್ಣ ವಿಷಯ ಗಮನಿಸಿ: ನೀವು ಹೊಸ ಕುಣಿಕೆಯನ್ನು ಕಡ್ಡಿಯ ಯಾವ ಜಾಗದಲ್ಲಿ ಮಾಡುತ್ತಿದ್ದೀರಿ? ಕಡ್ಡಿಯ ಚೂಪು ತುದಿಯಲ್ಲೇ ದಾರ ಸುತ್ತಿ ಎಳೆದರೆ ಕುಣಿಕೆ ಆ ತುದಿಯಷ್ಟೇ ಸಣ್ಣದಾಗುತ್ತದೆ. ಮುಂದಿನ ಸಾಲಿನಲ್ಲಿ ಅದನ್ನು ದಪ್ಪ ಭಾಗದಿಂದ ಮುಂದಕ್ಕೆ ದೂಡುವಾಗ ಜಗಳ ಶುರು. ಬಲಗೈ ಕಡ್ಡಿಯನ್ನು ಪೂರ್ತಿ ದಪ್ಪ ಬರುವವರೆಗೆ ಒಳಗೆ ತೂರಿಸಿ, ಆ ದಪ್ಪದ ಮೇಲೆ ಕುಣಿಕೆ ಕೂರಲಿ. ಕುಣಿಕೆಗಳನ್ನು ಬೆರಳಲ್ಲಿ ಮೆಲ್ಲಗೆ ದೂಡಿದರೆ ಸರಾಗವಾಗಿ ಜಾರಬೇಕು. ಅಷ್ಟು ಸಡಿಲ ಇದ್ದರೆ ಸರಿ.

ಇಪ್ಪತ್ತು ನಿಮಿಷಕ್ಕೊಮ್ಮೆ ಕೆಳಗಿಟ್ಟು ಕೈ ಕೊಡವಿ, ಬೆರಳು ಚಾಚಿ, ಭುಜ ಇಳಿಬಿಡಿ. ಭುಜ ಕಿವಿಯ ಹತ್ತಿರ ಹೋಗಿರುತ್ತದೆ, ನಮಗೆ ಗೊತ್ತೇ ಆಗಿರುವುದಿಲ್ಲ. ಉದ್ದ ನೇರ ಕಡ್ಡಿಗಿಂತ ನಡುವೆ ಕೇಬಲ್ ಇರುವ ವೃತ್ತಾಕಾರದ ಕಡ್ಡಿ ತೆಗೆದುಕೊಂಡರೆ ಹೆಣಿಗೆಯ ಭಾರ ಮಣಿಕಟ್ಟಿನ ಮೇಲೆ ಬೀಳದೆ ಮಡಿಲಲ್ಲಿ ಕೂರುತ್ತದೆ. ಅದರಲ್ಲಿ ಮಫ್ಲರ್‌ನಂಥ ಚಪ್ಪಟೆ ಕೆಲಸವನ್ನೂ ಹಿಂದೆ ಮುಂದೆ ತಿರುಗಿಸಿ ಹೆಣೆಯಬಹುದು. ಇಷ್ಟೆಲ್ಲ ಮಾಡಿದರೂ ನೋವು ಹೋಗದಿದ್ದರೆ, ಅಥವಾ ಬೆರಳು ಜೋಮು ಹಿಡಿಯುತ್ತಿದ್ದರೆ, ದಯವಿಟ್ಟು ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ನೀವು ಆರಿಸಿದ ದಾರವೂ ನಿಮಗೆ ಕಷ್ಟ ಕೊಡುತ್ತಿದೆ. ಕಪ್ಪು ಬಣ್ಣ, ಮೇಲೆ ನಯವಾದ ಕೂದಲಿನಂಥ ಎಳೆ. ಚೆಂದ ಇದೆ, ಒಪ್ಪುತ್ತೇನೆ. ಆದರೆ ಅದರಲ್ಲಿ ಕುಣಿಕೆ ಕಾಣುವುದೇ ಇಲ್ಲ, ಬಿಚ್ಚುವಾಗ ಕೂದಲು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಅದನ್ನು ಎತ್ತಿಡಿ, ಆರು ತಿಂಗಳು ಬಿಟ್ಟು ತೆಗೆಯಿರಿ. ಈಗ ತಿಳಿ ಬಣ್ಣದ, ನುಣುಪಾದ, ಮಧ್ಯಮ ದಪ್ಪದ ಉಲ್ಲನ್ ಸಾಕು. ಲೇಬಲ್ ಮೇಲೆ 5 ಮಿ.ಮೀ. ಕಡ್ಡಿ ಅಂತ ಇದ್ದರೆ ಕಲಿಯುವುದಕ್ಕೆ ಹೇಳಿ ಮಾಡಿಸಿದ ಹಾಗೆ. ಬಿದಿರಿನ ಇಲ್ಲವೇ ಮರದ ಕಡ್ಡಿ ತೆಗೆದುಕೊಳ್ಳಿ. ಅದು ಕುಣಿಕೆಯನ್ನು ಸ್ವಲ್ಪ ಹಿಡಿದಿಡುತ್ತದೆ, ಲೋಹದ್ದು ಜಾರುತ್ತದೆ. ಬರೀ ಹತ್ತಿ ನೂಲು ಈಗ ಬೇಡ. ಹತ್ತಿಗೆ ಉಣ್ಣೆಯ ಹಾಗೆ ಎಳೆದು ಬಿಟ್ಟರೆ ಹಿಂದಕ್ಕೆ ಬರುವ ಗುಣ ಕಡಿಮೆ, ಅದಕ್ಕೇ ಕೈಗೂ ಜಾಸ್ತಿ ದಣಿವು. ಒಂದಕ್ಕಿಂತ ಹೆಚ್ಚು ಉಂಡೆ ಬೇಕಾದರೆ ಲೇಬಲ್ ಮೇಲಿನ ಲಾಟ್ ನಂಬರ್ ಒಂದೇ ಇರಲಿ, ಬೇರೆ ಬೇರೆ ಸಲ ಬಣ್ಣ ಹಾಕಿದ ದಾರ ಪಕ್ಕಪಕ್ಕ ಬಂದರೆ ಗೆರೆ ಕಾಣುತ್ತದೆ.

ಬಿಚ್ಚುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. "ಮೂರು ಸಲ ಬಿಚ್ಚಿದೆ" ಅಂತ ಸೋತವರ ಹಾಗೆ ಬರೆದಿದ್ದೀರಿ. ಬಟ್ಟೆ ತಪ್ಪಾಗಿ ಕತ್ತರಿಸಿದರೆ ಹೋಯಿತು, ಮರ ತಪ್ಪಾಗಿ ಕೊಯ್ದರೆ ಹೋಯಿತು. ಹೆಣಿಗೆಯಲ್ಲಿ ತಪ್ಪಾದರೆ ದಾರ ಪೂರ್ತಿ ನಿಮಗೆ ವಾಪಸ್ ಸಿಗುತ್ತದೆ. ಇಂಥ ಕೆಲಸ ಬೇರೆ ಎಷ್ಟಿದೆ ಹೇಳಿ? ಬಿಚ್ಚಿದ ಉಣ್ಣೆ ಗುಂಗುರಾಗಿದ್ದರೆ ಅದನ್ನು ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತಣ್ಣೀರಿನಲ್ಲಿ ನೆನೆಸಿ, ತೂಗುಹಾಕಿ ಒಣಗಿಸಿ. ನೇರ ಆಗುತ್ತದೆ.

ಆದರೆ ಪ್ರತಿ ಸಲ ಬುಡದವರೆಗೆ ಬಿಚ್ಚುವುದು ಬೇಡ. ಹತ್ತು ಸಾಲಿಗೊಮ್ಮೆ, ಎಣಿಕೆ ಸರಿ ಇರುವಾಗ, ಮೊಂಡು ಸೂಜಿಗೆ ತೆಳ್ಳಗಿನ ನುಣುಪು ದಾರ ಪೋಣಿಸಿ ಕಡ್ಡಿಯ ಮೇಲಿನ ಎಲ್ಲಾ ಕುಣಿಕೆಗಳ ಒಳಗೂ ತೂರಿಸಿ ಹಾಗೇ ಬಿಟ್ಟುಬಿಡಿ. ಮುಂದೆ ತಪ್ಪಾದರೆ ಧೈರ್ಯವಾಗಿ ಎಳೆಯಿರಿ, ಆ ದಾರದ ಹತ್ತಿರ ಬಂದು ತಾನಾಗಿ ನಿಲ್ಲುತ್ತದೆ. ಕುಣಿಕೆಗಳೆಲ್ಲ ಸಾಲಾಗಿ ನಿಮಗೋಸ್ಕರ ಕಾಯುತ್ತಿರುತ್ತವೆ.

ಒಂದೇ ಕುಣಿಕೆ ಜಾರಿ ಕೆಳಗಿಳಿದಿದ್ದರೆ ಅಷ್ಟೂ ಬೇಡ. ಜಾರಿದ ಕುಣಿಕೆಯ ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಎಳೆಗಳು ಕಾಣುತ್ತವೆ. ಸೀದಾ ಬದಿಯನ್ನು ನಿಮ್ಮ ಕಡೆ ಇಟ್ಟುಕೊಂಡು, ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿಯನ್ನು ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ಹಾಕಿ. ಅದರ ಮೇಲಿನ ಮೊದಲ ಮೆಟ್ಟಿಲನ್ನು ಕೊಕ್ಕೆಗೆ ಸಿಕ್ಕಿಸಿ ಕುಣಿಕೆಯ ಮೂಲಕ ಎಳೆಯಿರಿ. ಒಂದು ಸಾಲು ಮೇಲೆ ಬಂದಿರಿ. ಹೀಗೇ ಒಂದೊಂದೇ ಮೆಟ್ಟಿಲು ಹತ್ತಿ ಕೊನೆಗೆ ಕಡ್ಡಿಗೆ ಏರಿಸಿ. ನಿಮ್ಮ ಮಫ್ಲರ್ ಪ್ರತಿ ಸಾಲೂ ಸೀದಾ ಹೆಣೆದದ್ದು, ಅಂದರೆ ಗಾರ್ಟರ್. ಅದರಲ್ಲಿ ಒಂದು ಮೆಟ್ಟಿಲು ಈ ಬದಿಯಿಂದ, ಇನ್ನೊಂದು ಆ ಬದಿಯಿಂದ ಹತ್ತಬೇಕು. ಮೊದಲ ಸಲ ಇದನ್ನು ಮಾಡಿ ಗುರುತೇ ಇಲ್ಲದ ಹಾಗೆ ಸರಿಹೋದಾಗ ನಾನು ಆ ಜಾಗವನ್ನು ಬೆರಳಲ್ಲಿ ಎಷ್ಟು ಸಲ ಸವರಿದೆನೋ. ನೀವು ಕೇಳಿದ ಖುಷಿ ಅಂದರೆ ನನಗೆ ಆ ಗಳಿಗೆ.

ಮುಂದೆ ಟೋಪಿ, ಸ್ವೆಟರ್ ಅಂತ ಹೊರಟಾಗ ಅಳತೆ ತುಂಡು ಹೆಣೆಯುವುದನ್ನು ಮಾತ್ರ ಬಿಡಬೇಡಿ. ನನ್ನ ಅಕ್ಕನ ಮಗನಿಗೆ ಸ್ವೆಟರ್ ಹೆಣೆದಾಗ ಲೇಬಲ್ ನಂಬಿಕೊಂಡು ಬಿಟ್ಟೆ. 10 ಸೆಂ.ಮೀ.ಗೆ 22 ಕುಣಿಕೆ ಅಂತ ಇತ್ತು. ಎದೆ ಸುತ್ತಳತೆ 70 ಸೆಂ.ಮೀ. ಬೇಕು, ಹಾಗಾಗಿ 154 ಕುಣಿಕೆ ಹಾಕಿದೆ. ನನ್ನ ಕೈ ಸಡಿಲ, ನನಗೆ ಬರುತ್ತಿದ್ದದ್ದು 20. ಸ್ವೆಟರ್ 77 ಸೆಂ.ಮೀ. ಆಯಿತು. 10 ಸೆಂ.ಮೀ.ನಲ್ಲಿ ಎರಡೇ ಕುಣಿಕೆ ವ್ಯತ್ಯಾಸ, ಮೈಮೇಲೆ ಏಳು ಸೆಂ.ಮೀ. ಆ ಮಗು ಹಾಕಿಕೊಂಡು ನಿಂತಾಗ ತೋಳು ಬೆರಳ ಮೇಲೆ ಬಂದಿತ್ತು, ನನಗೆ ತುಂಬಾ ಬೇಜಾರಾಯಿತು. ಆಮೇಲೆ ಯಾವತ್ತೂ 15 ಸೆಂ.ಮೀ. ಚೌಕದ ತುಂಡು ಹೆಣೆದು, ತೊಳೆದು, ಒಣಗಿಸಿ, ಮಧ್ಯದ 10 ಸೆಂ.ಮೀ. ಎಣಿಸದೆ ಶುರು ಮಾಡಿಲ್ಲ. ಕುಣಿಕೆ ಕಡಿಮೆ ಬಂದರೆ ಸಣ್ಣ ಕಡ್ಡಿ, ಜಾಸ್ತಿ ಬಂದರೆ ದಪ್ಪ ಕಡ್ಡಿ.

ಇನ್ನೊಂದಕ್ಕೆ ಈಗಲೇ ತಯಾರಾಗಿರಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದಾಗ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಅದು ನಿಮ್ಮ ತಪ್ಪಲ್ಲ, ಆ ಹೆಣಿಗೆಯ ಸ್ವಭಾವವೇ ಹಾಗೆ. ಅಂಚಿಗೆ ನಾಲ್ಕೈದು ಕುಣಿಕೆ ಗಾರ್ಟರ್ ಇಟ್ಟರೆ ಬಹಳ ಮಟ್ಟಿಗೆ ನಿಲ್ಲುತ್ತದೆ.

ತೊಳೆಯುವುದು: ಉಣ್ಣೆಯಾದರೆ ತಣ್ಣೀರು, ಇಪ್ಪತ್ತು ನಿಮಿಷ, ಉಜ್ಜಬಾರದು, ಹಿಂಡಬಾರದು. ಟವೆಲ್‌ನಲ್ಲಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರಡಿ ಒಣಗಿಸಿ. ಬಿಸಿನೀರಿನಲ್ಲಿ ತಿಕ್ಕಿದರೆ ಉಣ್ಣೆ ಎಳೆಯ ಮೇಲಿನ ಪುಟ್ಟ ಪೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಗ್ಗಿ ಕಂಬಳಿ ಆಗುತ್ತದೆ, ಮತ್ತೆ ಬಿಡಿಸಲಾಗುವುದಿಲ್ಲ. ಆಕ್ರಿಲಿಕ್ ಆದರೆ ಇಸ್ತ್ರಿ ಪೆಟ್ಟಿಗೆ ಹತ್ತಿರವೂ ತರಬೇಡಿ.

ಮನೆಯವರ ಮಾತಿಗೆ ಬರುತ್ತೇನೆ. ಇಂಗ್ಲೆಂಡಿನಲ್ಲಿ ವಿಲಿಯಂ ಲೀ ಅನ್ನುವವನು ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದು 1589ರಲ್ಲಿ. ಯಂತ್ರ ನಮಗಿಂತ ಬೇಗ, ನಮಗಿಂತ ಸಮವಾಗಿ ಹೆಣೆಯಲು ಶುರು ಮಾಡಿ ನಾಲ್ಕು ನೂರು ವರ್ಷ ದಾಟಿತು. ಆದರೂ ಜನ ಕಡ್ಡಿ ಕೆಳಗಿಟ್ಟಿಲ್ಲ. ವಾದ ಮಾಡಲು ಹೋಗಬೇಡಿ. ಬೇಕಾದರೆ ಅವರ ಕೈಗೆ ಕಡ್ಡಿ ಕೊಟ್ಟು ಒಂದು ಸಾಲು ಹೆಣೆಯಲು ಹೇಳಿ. ನಮ್ಮ ಮನೆಯಲ್ಲಿ ಹಾಗೇ ಒಬ್ಬರು ಕಲಿತರು.

ಖುಷಿಗೆ ಸಂಬಂಧಿಸಿ ನಾನು ಮಾಡುವುದು ಇಷ್ಟು. ಯಾವಾಗಲೂ ಎರಡು ಕೆಲಸ ಇಟ್ಟುಕೊಂಡಿರುತ್ತೇನೆ. ಒಂದು ತಲೆ ಓಡಿಸಬೇಕಾದದ್ದು, ಬೆಳಗ್ಗೆ ಬೆಳಕಿರುವಾಗ. ಇನ್ನೊಂದು ಬರೀ ಸೀದಾ ಹೆಣಿಗೆ, ದಣಿದ ಸಂಜೆಗೆ, ಮಾತಾಡುತ್ತಾ ಕೈ ತಾನಾಗಿ ಹೋಗುವಂಥದ್ದು. ದಣಿದಾಗ ಕಷ್ಟದ್ದನ್ನು ಮುಟ್ಟುವುದಿಲ್ಲ, ನನ್ನ ತಪ್ಪುಗಳೆಲ್ಲ ರಾತ್ರಿ ಹತ್ತರ ಮೇಲೆ ಆದವು. ಇಂಥ ತಾರೀಕಿನೊಳಗೆ ಹೆಣೆದುಕೊಡುತ್ತೇನೆ ಅಂತ ಯಾರಿಗೂ ಮಾತು ಕೊಡುವುದಿಲ್ಲ. ಕ್ರೋಶಾ ಮಾಡಿ ಅಂತ ಒಬ್ಬರು ಸಲಹೆ ಕೊಟ್ಟಿದ್ದಾರೆ. ಅದೂ ಒಳ್ಳೆಯದೇ, ಅದರಲ್ಲಿ ಸಾಮಾನ್ಯವಾಗಿ ಒಂದೇ ಕುಣಿಕೆ ತೆರೆದಿರುವುದರಿಂದ ಜಾರುವ ಭಯ ಕಡಿಮೆ. ಆದರೆ ಹೆಣಿಗೆ ಬರಲಿಲ್ಲ ಅಂತ ಅದಕ್ಕೆ ಹೋಗಬೇಡಿ. ನಿಮಗೆ ಬರುತ್ತಿದೆ. 41 ಕುಣಿಕೆ ಆಗಿದೆ ಅಂತ ಎಣಿಸಿದವರು ನೀವೇ ಅಲ್ವಾ.

ಈಗ ಆ ಕಪ್ಪು ಮಫ್ಲರ್ ಎತ್ತಿಟ್ಟು, ತಿಳಿ ಬಣ್ಣದ ದಾರದಲ್ಲಿ 20 ಕುಣಿಕೆ ಹಾಕಿ ಬರೀ ಹತ್ತು ಸಾಲು ಹೆಣೆಯಿರಿ. ಪ್ರತಿ ಸಲ ತಿರುಗಿಸಿದಾಗ ದಾರ ಕೆಳಗಿನಿಂದ ಹಿಂದಕ್ಕೆ. ಕೊನೆಗೆ 20 ಇದ್ದರೆ ಅಂಚಿನ ಸಮಸ್ಯೆ ಮುಗಿಯಿತು. ಇಲ್ಲದಿದ್ದರೆ ಎರಡೂ ಬದಿಯ ಫೋಟೊ ಇಲ್ಲಿ ಹಾಕಿ, ಕಡ್ಡಿ ತೆಗೆಯದೆ, ಹಗಲು ಬೆಳಕಿನಲ್ಲಿ ಹತ್ತಿರದಿಂದ ತೆಗೆದದ್ದು. ನೋಡಿ ಯಾವ ಸಾಲಿನಲ್ಲಿ ಹುಟ್ಟಿತು ಅಂತ ಹೇಳುತ್ತೇನೆ.